ಎತ್ತರದ ಭಾರ ಹೊತ್ತವರು
ಹಾಸನ ಸೀಮೆಯಲ್ಲಿ ಎತ್ತರ ಕಟ್ಟುವ ಕಲೆ ಬಹುಮಹಡಿ ಕಟ್ಟಡಗಳಿಗಿಂತ ಬಹಳ ಹಳೆಯದು. 12ನೇ ಶತಮಾನದ ಆರಂಭದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ದೊಡ್ಡಗದ್ದವಳ್ಳಿಯಲ್ಲಿ ಎದ್ದ ಲಕ್ಷ್ಮೀದೇವಿ ಗುಡಿಯ ಶಿಖರಗಳಲ್ಲಿ ಬಳಪದ ಕಲ್ಲಿನ ಥರಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಮೇಲೇರಿ, ತಮ್ಮ ಭಾರವನ್ನೆಲ್ಲ ಗರ್ಭಗುಡಿಯ ದಪ್ಪ ಗೋಡೆಗಳಿಗೆ ಇಳಿಸುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯ 10ನೇ ಶತಮಾನದಲ್ಲಿ ಕಡೆಸಿದ ಸುಮಾರು 58 ಅಡಿಯ ಗೊಮ್ಮಟನಿಗಾದರೋ ಗೋಡೆಯೂ ಇಲ್ಲ. ಹುತ್ತದ ಆಸರೆ ತೊಡೆಯವರೆಗೆ ಮಾತ್ರವಿದ್ದು, ಅಲ್ಲಿಂದ ಮೇಲೆ ಶಿಲೆ ತನ್ನ ಬಲದಲ್ಲೇ ನಿಂತಿರುವುದು ಇಂದಿಗೂ ಬೆರಗು ಹುಟ್ಟಿಸುವ ಧೈರ್ಯ. ಗೋಡೆಯೇ ಭಾರ ಹೊರುವಲ್ಲಿ ಎತ್ತರ ಹೆಚ್ಚಿದಷ್ಟೂ ಬುಡ ದಪ್ಪವಾಗಲೇಬೇಕು. 1885ರಲ್ಲಿ ಷಿಕಾಗೊದ 10 ಮಹಡಿಯ ಹೋಮ್ ಇನ್ಷೂರೆನ್ಸ್ ಕಟ್ಟಡ ಬಹುಪಾಲು ಭಾರವನ್ನು ಲೋಹದ ಚೌಕಟ್ಟಿಗೆ, ಅಂದರೆ ಕಂಬ-ತೊಲೆಗಳ ಹಂದರಕ್ಕೆ, ವಹಿಸಿ ಈ ಕಟ್ಟನ್ನು ಸಡಿಲಿಸಿತು; ಆ ಹಂದರದ ವಿದ್ಯೆಯೇ ಕಾಂಕ್ರೀಟಿನ ರೂಪದಲ್ಲಿ 1970ರ ದಶಕದ ಬೆಂಗಳೂರಿಗೆ ಮಹಾತ್ಮ ಗಾಂಧಿ ರಸ್ತೆಯ 25 ಮಹಡಿಯ ಯುಟಿಲಿಟಿ ಬಿಲ್ಡಿಂಗನ್ನು ಕೊಟ್ಟಿತು.