ಶೇರ್ವಾನಿಯೂ ಸೈನ್ಯದ ಕೋಟೂ

ಶಹಾಬಾದ ಪಕ್ಕದ ನಮ್ಮ ಭಂಕೂರ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. ಹೊಲಿಗೆ ನನ್ನ ಕಸುಬು. ಆ ಕಾಲದ ಗತ್ತು ತಿಳಿಯಬೇಕಾದರೆ ಫರ್ಮಾನುಗಳಿಗಿಂತ ಮೊದಲು ಕೋಟು ನೋಡಬೇಕು ಅಂತೀನಿ.

ದರಬಾರಿನ ಅಧಿಕಾರಿಗೆ ಮೊಣಕಾಲು ಮುಟ್ಟುವ ಶೇರ್ವಾನಿ, ತಲೆಗೆ ದಸ್ತಾರ ಎಂಬ ರುಮಾಲು, ನಡುವಿಗೆ ಬಗ್ಲೂಸ್ ಎಂಬ ಪಟ್ಟಿ. ಶೇರ್ವಾನಿ 19ನೇ ಶತಮಾನದಲ್ಲಿ ಅಚಕನ್ ಎಂಬ ಉದ್ದ ಅಂಗಿಗೆ ಇಂಗ್ಲಿಷರ ಫ್ರಾಕ್ ಕೋಟಿನ ಕತ್ತರಿ ಕೂಡಿ ರೂಪುಗೊಂಡದ್ದು. ಸೈನ್ಯಾಧಿಕಾರಿಯ ಸಮಾರಂಭದ ಕೋಟು ಅದಕ್ಕೆ ಹತ್ತಿರದ ನೆಂಟ. ನಿಂತ ಕಾಲರಿನೊಳಗೆ ಬಕ್ರಂ, ಎದೆಗೆ ಕ್ಯಾನ್ವಾಸ್, ಕೊರಳಲ್ಲಿ ಕೊಕ್ಕೆ. ಹಿತ್ತಾಳೆ ಗುಂಡಿಗಳನ್ನು ಮಾತ್ರ ದಾರದಿಂದ ಹೊಲಿಯುವುದಿಲ್ಲ. ಗುಂಡಿಯ ಹಿಂದಿನ ಕೊಂಡಿಯನ್ನು ಸಣ್ಣ ತೂತಿನಿಂದ ಒಳಗೆ ತೂರಿಸಿ ತಂತಿಯ ಉಂಗುರ ಸಿಕ್ಕಿಸುತ್ತಾರೆ. ಉಂಗುರ ತೆಗೆದರೆ ಗುಂಡಿ ಕೈಗೆ ಬರುತ್ತದೆ, ಬಟ್ಟೆಗೆ ಕಲೆಯಾಗದಂತೆ ತಿಕ್ಕಿ ಹೊಳಪು ಕೊಡಬಹುದು. ಶ್ರೀಮಂತರ ಶೇರ್ವಾನಿಯ ಬೆಲೆಬಾಳುವ ಗುಂಡಿಗಳೂ ಹೀಗೇ ಕಳಚಿ ಬರುತ್ತಿದ್ದವು. ಎಂಥ ಜಾಣ ಕೆಲಸ!

1948ರ ಸೆಪ್ಟೆಂಬರ್ 18ರಂದು ನಿಜಾಮರ ಸೈನ್ಯದ ದಂಡನಾಯಕ ಜನರಲ್ ಎಲ್ ಎಡ್ರೂಸ್ ಭಾರತ ಸೈನ್ಯದ ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದರು. 1950ರಲ್ಲಿ ದೇಶ ಗಣರಾಜ್ಯವಾಯಿತು. ಆಗ ಸೈನ್ಯದ ಕೋಟೂ ಬದಲಾಯಿತು: ಮೇಜರ್ ಹುದ್ದೆಯವರ ಭುಜಪಟ್ಟಿಯಲ್ಲಿದ್ದ ಕಿರೀಟದ ಜಾಗಕ್ಕೆ ಅಶೋಕ ಸಿಂಹ ಬಂತು. ನಮ್ಮ ಕಡೆ ಶೇರ್ವಾನಿ ಕಚೇರಿ ಬಿಟ್ಟು ಮದುಮಗನ ಮೈ ಸೇರಿತು.

ನಿಮ್ಮ ಟ್ರಂಕಿನಲ್ಲಿ ಅಜ್ಜನ ಶೇರ್ವಾನಿ ಇದ್ದರೆ ಕತ್ತರಿ ಹಾಕಿಸಬೇಡಿ. ಅಸ್ತರ, ಕಾಜಾ ಸಮೇತ ಹಾಗೇ ಕಾಪಾಡಿ.