ಶಿಕಾರಿಪುರ, ಸೊರಬ ಸೀಮೆಯಲ್ಲಿ ಮಕ್ಕಳ ಓದು ಮತ್ತು ಸ್ವಂತ ಬರಹ

ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ, ಮುಂದೆ ಅವರಿಂದಲೇ ಕಥೆ ಕವನ ಬರೆಸಲು ಹೊರಟ ಪ್ರಯತ್ನಗಳ ಚರಿತ್ರೆ ಇದು. ಕಲಿಸುವ ಏರ್ಪಾಡು ಇಲ್ಲಿ ಕನ್ನಡ ನಾಡಿನ ಅತಿ ಹಳೆಯವುಗಳಲ್ಲಿ ಒಂದು. ಕಲಿತ ಮಗು ತನ್ನ ಮಾತನ್ನು ತಾನೇ ಬರೆಯಬಲ್ಲದು, ಬರೆಯಬೇಕು ಎಂಬ ತಿಳಿವಳಿಕೆ ಶಾಲೆಯೊಳಗೆ ಕಾಲಿಟ್ಟದ್ದು ಮಾತ್ರ ತೀರ ಈಚೆಗೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಿಂದ ಈ ಕಥೆ ಶುರುವಾಗುತ್ತದೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನ ಜೊತೆ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ಅವಮಾನಗೊಂಡು ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿರುವ 5ನೆಯ ಶತಮಾನದ ಸ್ತಂಭಶಾಸನದಿಂದ. ರಾಜ್ಯವೊಂದರ ಹುಟ್ಟಿನ ಕಥೆ ಒಬ್ಬ ವಿದ್ಯಾರ್ಥಿಯ ಪ್ರಯಾಣದಿಂದ ಮೊದಲಾಗುವುದು ನಮ್ಮ ಚರಿತ್ರೆಯಲ್ಲಿ ಅಪರೂಪ. ಶಾಸನದ ಕವಿ ಕುಬ್ಜ ಇನ್ನೂ ಒಂದು ಸಂಗತಿಯನ್ನು ಬಿಟ್ಟುಹೋಗಿದ್ದಾನೆ: ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಭಾಷೆ ಸಂಸ್ಕೃತವಾದರೂ, ಇದು ನನ್ನ ಬರಹ ಎಂದು ಈ ಮಣ್ಣಿನಲ್ಲಿ ಹೆಸರು ಹೇಳಿ ನಿಂತ ಮೊದಲಿಗರಲ್ಲಿ ಅವನೊಬ್ಬ. ಅದೇ ಆವರಣದಲ್ಲಿ 2013ರಲ್ಲಿ ಬೆಳಕಿಗೆ ಬಂದ ಸಿಂಹಕಟಾಂಜನದ ಶಾಸನವನ್ನು ಪುರಾತತ್ತ್ವ ಇಲಾಖೆ ಕ್ರಿ.ಶ. 370ರ ಸುಮಾರಿನದೆಂದು, ಅತಿ ಹಳೆಯ ಕನ್ನಡ ಶಾಸನವೆನಿಸಿದ್ದ ಹಲ್ಮಿಡಿಗಿಂತ ಹಳೆಯದೆಂದು ಗುರುತಿಸಿದೆ.

ತಾಳಗುಂದದ ಅಗ್ರಹಾರ ಮುಂದೆ ಹಲವು ಶತಮಾನ ವಿದ್ಯಾಕೇಂದ್ರವಾಗಿ ಉಳಿಯಿತು. 12ನೆಯ ಶತಮಾನದ ಅಲ್ಲಿನ ಶಾಸನವೊಂದು ವೇದ, ವ್ಯಾಕರಣಗಳ ಪಾಠದ ಜೊತೆಗೆ ಬಾಲಕರಿಗೆ ಕನ್ನಡ ಅಕ್ಷರ ಕಲಿಸುವುದಕ್ಕೂ ದತ್ತಿಯ ನೆರವನ್ನು ಗೊತ್ತುಪಡಿಸುತ್ತದೆ. ದೊಡ್ಡ ಶಾಸ್ತ್ರಗಳ ಪಕ್ಕದಲ್ಲೇ ಅ ಆ ಇ ಈ ಕಲಿಸುವವನಿಗೂ ಅನ್ನದ ದಾರಿ ಮಾಡಿಕೊಟ್ಟ ಈ ಒಂದು ವಿವರ ಎಷ್ಟೋ ಯುದ್ಧಗಳ ವರ್ಣನೆಗಿಂತ ಬೆಲೆಯುಳ್ಳದ್ದು.

ತಾಳಗುಂದಕ್ಕೆ ಸಮೀಪದ ಬಳ್ಳಿಗಾವಿ ಬನವಾಸಿ ಪನ್ನಿರ್ಚ್ಛಾಸಿರವೆಂಬ ಪ್ರಾಂತ್ಯದ ರಾಜಧಾನಿಯಾಗಿತ್ತು. ಅಲ್ಲಿ ಕೇದಾರೇಶ್ವರನ ಸನ್ನಿಧಿಯಲ್ಲಿದ್ದ ಕಾಳಾಮುಖ ಶೈವರ ಕೋಡಿಯ ಮಠವನ್ನು 1162ರ ಶಾಸನ ಬಾಯಿತುಂಬ ಹೊಗಳುತ್ತದೆ. ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ಷಡ್ದರ್ಶನ, ಪುರಾಣ, ಧರ್ಮಶಾಸ್ತ್ರಗಳ ಜೊತೆಗೆ ಕಾವ್ಯ ನಾಟಕಗಳ ಪಾಠವೂ ಅಲ್ಲಿತ್ತು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಸಿಗುತ್ತಿತ್ತು. ಆದರೆ ಅಕ್ಷರ ಬಾರದ ಮಕ್ಕಳಿಗೂ ಬಳ್ಳಿಗಾವಿ ಏನನ್ನೋ ಇಟ್ಟಿದೆ. ತ್ರಿಪುರಾಂತಕೇಶ್ವರ ದೇವಾಲಯದ ಶಿಲ್ಪಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರೆ. ದುರ್ಗಸಿಂಹ ಅದೇ ಶತಮಾನಗಳಲ್ಲಿ, 1031ರ ಸುಮಾರಿಗೆ, ಚಾಲುಕ್ಯರ ಆಶ್ರಯದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಓಲೆಗರಿಯಲ್ಲಿ ಓದಬಲ್ಲವರು ಓದಿದರು, ಉಳಿದವರು ಗೋಡೆ ನೋಡಿ ಕಥೆ ಹೇಳಿಕೊಂಡರು ಎಂದು ಊಹಿಸಬಹುದು. ಶಾಲಾ ಪ್ರವಾಸದ ಬಸ್ಸು ಇಲ್ಲಿ ನಿಂತಾಗ ಇಸವಿ ಬಾಯಿಪಾಠ ಮಾಡಿಸುವ ಬದಲು ಒಂದು ಪಟ್ಟಿಕೆ ತೋರಿಸಿ 'ಮುಂದೇನಾಯಿತು, ನೀವೇ ಹೇಳಿ' ಎನ್ನುವ ಮೇಷ್ಟ್ರು ಈ ಕಲ್ಲನ್ನು ಸರಿಯಾಗಿ ಬಳಸಿದಂತೆ.

ವಚನಕಾರರ ಕಾಲದಲ್ಲಿ ಈ ಸೀಮೆ ಮತ್ತೊಂದು ದೊಡ್ಡ ಹೆಜ್ಜೆ ಇಟ್ಟಿತು. ಅಲ್ಲಮಪ್ರಭುವಿನ ಊರು ಬಳ್ಳಿಗಾವಿ ಎಂಬುದು ಪರಂಪರೆಯ ಮಾತು. ಅಕ್ಕಮಹಾದೇವಿ ಉಡುತಡಿಯವಳು. 'ಶಂಭುಜಕ್ಕೇಶ್ವರ' ಅಂಕಿತದ ಸತ್ಯಕ್ಕ ಹಿರೇಜಂಬೂರಿನವಳು. ಮೂರೂ ಊರು ಶಿಕಾರಿಪುರ ತಾಲ್ಲೂಕಿನವೇ. ಮನೆಮಾತಿನಲ್ಲಿ, ಛಂದಸ್ಸಿನ ಹಂಗಿಲ್ಲದೆ, ತನ್ನ ಅನುಭವವನ್ನು ತನ್ನ ಅಂಕಿತ ಹಾಕಿ ಹೇಳುವ ಧೈರ್ಯವನ್ನು ಅವರು ತೋರಿಸಿದರು. ಅದರಲ್ಲೂ ಹೆಣ್ಣುಮಕ್ಕಳು ತೋರಿಸಿದರು. ಶಾಲೆಗಳಲ್ಲಿ ವಚನಗಳನ್ನು ಕಂಠಪಾಠಕ್ಕೆ ಇಡುತ್ತೇವೆ. ಅವು ಸ್ವಂತ ಬರಹಕ್ಕೆ ಸಿಗಬಹುದಾದ ಅತ್ಯುತ್ತಮ ಮಾದರಿ ಎಂಬುದನ್ನು ಮರೆಯುತ್ತೇವೆ.

ಅಲ್ಲಿಂದ ಮುಂದೆ, 19ನೆಯ ಶತಮಾನದವರೆಗೆ, ಊರಿನ ಮಕ್ಕಳಿಗೆ ಓದು ಸಿಕ್ಕಿದ್ದು ಕೂಲಿಮಠಗಳಲ್ಲಿ. ಕೂಲಿಮಠ ಮೈಸೂರು ಸೀಮೆಯಲ್ಲೆಲ್ಲ ಒಂದೇ ಬಗೆಯದು: ಯಾರದೋ ಜಗಲಿ ಅಥವಾ ದೇವಸ್ಥಾನದ ಪಡಸಾಲೆ, ಒಬ್ಬರು ಐಗಳು, ನೆಲಕ್ಕೆ ಹರಡಿದ ಮರಳು. ಮಗು ಬೆರಳಿನಿಂದ ಮರಳಿನ ಮೇಲೆ ತಿದ್ದುತ್ತ ಅಕ್ಷರವನ್ನು ಗಟ್ಟಿಯಾಗಿ ಕೂಗಬೇಕು. ಕೈ ಪಳಗಿದ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ; ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬಳಿಯುವುದು. ಅಂಗಡಿಯ ಲೆಕ್ಕವೂ ಶಾನುಭೋಗರ ಲೆಕ್ಕವೂ ಅದರಲ್ಲೇ ಇರುತ್ತಿದ್ದವು. ಮಹಾನವಮಿಗೆ ಐಗಳು ಹುಡುಗರನ್ನು ಕಟ್ಟಿಕೊಂಡು ಮನೆಮನೆಯ ಮುಂದೆ ಚೌಪದ ಹಾಡಿಸಿ ಸಂಭಾವನೆ ಪಡೆಯುತ್ತಿದ್ದರು. ಮಗ್ಗಿ, ಅಮರಕೋಶ, ಜೈಮಿನಿ ಭಾರತದ ಪದ್ಯಗಳು ನಾಲಿಗೆಯ ತುದಿಯಲ್ಲಿರುತ್ತಿದ್ದವು. ನೆನಪನ್ನು ಬೆಳೆಸುವುದರಲ್ಲಿ ಈ ಪದ್ಧತಿಗೆ ಸಾಟಿಯಿರಲಿಲ್ಲ. ಆದರೆ ಅಲ್ಲಿ ಬರವಣಿಗೆ ಎಂದರೆ ಇದ್ದುದನ್ನು ನಕಲು ಮಾಡುವುದು, ಅಷ್ಟೆ. ಹೆಣ್ಣುಮಕ್ಕಳಿಗೂ ಕೆಳಜಾತಿಯೆನಿಸಿಕೊಂಡವರ ಮಕ್ಕಳಿಗೂ ಆ ಜಗಲಿ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು.

ಸರ್ಕಾರಿ ಶಾಲೆ ಹಳ್ಳಿಯ ಹತ್ತಿರಕ್ಕೆ ಬರುವಂತೆ ಮಾಡಿದ್ದು 1868ರ ಹೋಬಳಿ ಶಾಲೆಗಳ ಯೋಜನೆ. ಹೋಬಳಿಗೊಂದು ಶಾಲೆಯಾದರೂ ಇರಬೇಕೆಂಬ ಈ ಯೋಜನೆಯನ್ನು ರೂಪಿಸಿದವರು ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್. ಶಾಲೆಗಳ ತಪಾಸಣೆಗಾಗಿ ಊರೂರು ಸುತ್ತುತ್ತಿದ್ದಾಗಲೇ ಅವರ ಕಣ್ಣು ಶಾಸನಗಳ ಮೇಲೆ ಬಿದ್ದದ್ದು. ಮುಂದೆ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ (1902), ಸೊರಬದವನ್ನು 8ನೆಯದರಲ್ಲಿ (1904) ಪ್ರಕಟಿಸಿದರು. ತಾಳಗುಂದದಲ್ಲಿ ಬಾಲಕರಿಗೆ ಕನ್ನಡ ಕಲಿಸುತ್ತಿದ್ದರೆಂಬುದನ್ನು ನಮಗೆ ಓದಿ ಹೇಳಿದವರೂ ಹೋಬಳಿಯ ಮಕ್ಕಳಿಗೆ ಶಾಲೆ ಬೇಕೆಂದವರೂ ಒಬ್ಬರೇ. ಇದೇ ದಾರಿಯಲ್ಲಿ ಮುಂದುವರಿದು 1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದಿತು.

ಹೊಸ ಶಾಲೆಗಳ ಜೊತೆ ಹುಟ್ಟಿದ ಹೊಸ ವರ್ಗ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳದು. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1926ರ ಫೆಬ್ರವರಿ 7ರಂದು ಹುಟ್ಟಿದ ಜಿ. ಎಸ್. ಶಿವರುದ್ರಪ್ಪ ಅಂಥ ಮೇಷ್ಟ್ರು ಶಾಂತವೀರಪ್ಪನವರ ಮಗ. ಸಂಬಳ ಕಡಿಮೆ, ವರ್ಗಾವಣೆ ಹೆಚ್ಚು, ಆದರೆ ಮನೆಯಲ್ಲಿ ಪುಸ್ತಕ: ಕನ್ನಡದ ಎಷ್ಟೋ ಲೇಖಕರು ಇಂಥ ಮನೆಗಳಿಂದ ಬಂದವರು. 1951ರಲ್ಲಿ 'ಸಾಮಗಾನ'ದಿಂದ ಮೊದಲಾದ ಶಿವರುದ್ರಪ್ಪನವರ ಕಾವ್ಯಜೀವನಕ್ಕೆ 2006ರಲ್ಲಿ ರಾಷ್ಟ್ರಕವಿ ಗೌರವ ಸಂದಿತು. ಇದೇ ಈಸೂರು 1942ರಲ್ಲಿ, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಾಗ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ಬಾಲಕರನ್ನೇ ಕೂರಿಸಿತೆಂಬುದನ್ನು ಇಲ್ಲಿನ ಮಕ್ಕಳು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬರೆಯಲು ವಿಷಯವೇನು ಎಂದು ಕೇಳುವ ಹುಡುಗರಿಗೆ ಅದೊಂದೇ ಸಾಕು.

ಮಕ್ಕಳಿಗಾಗಿ ಬರೆಯುವ ಕೆಲಸ ಆ ಹೊತ್ತಿಗೆ ಕರಾವಳಿಯಲ್ಲಿ ಬಿರುಸಾಗಿತ್ತು. ಪಂಜೆ ಮಂಗೇಶರಾಯರ ಬಳಗ ಪದ್ಯ ಕಥೆಗಳನ್ನು ಕೊಟ್ಟರೆ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ಮಕ್ಕಳ ಕೂಟವನ್ನು ನಡೆಸಿದರು. ಶಿಕಾರಿಪುರ ಸೊರಬಗಳಿಗೆ ಹತ್ತಿರದ ಗಾಳಿ ಬೀಸಿದ್ದು ಪಕ್ಕದ ಸಾಗರ ತಾಲ್ಲೂಕಿನಿಂದ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ನಾಟಕವನ್ನು ಹಳ್ಳಿಯ ಬದುಕಿನ ಭಾಗವಾಗಿಸಿತು. ಸಾಗರದ ನಾ. ಡಿಸೋಜ ಶರಾವತಿಯ ಅಣೆಕಟ್ಟಿನಿಂದಾದ ಮುಳುಗಡೆಯನ್ನು ಕಣ್ಣಾರೆ ಕಂಡು, ಅದನ್ನು ಮಕ್ಕಳಿಗೂ ಹೇಳಬೇಕೆಂದು 'ಮುಳುಗಡೆಯ ಊರಿಗೆ ಬಂದವರು' ಬರೆದರು; 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮಲೆನಾಡಿನ ಮಗು ತನ್ನದೇ ಹಿನ್ನೀರು, ತನ್ನದೇ ಲಾಂಚು, ತನ್ನವರದೇ ಕಳೆದುಹೋದ ಊರನ್ನು ಪುಸ್ತಕದಲ್ಲಿ ಕಾಣುವುದು ಸಣ್ಣ ಸಂಗತಿಯಲ್ಲ.

ಸೊರಬದ ಮಕ್ಕಳು ಶಾಲೆಗೆ ಬರಿಗೈಯಲ್ಲಿ ಬರುವುದಿಲ್ಲ. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಹಸೆ ಚಿತ್ತಾರ ಬರೆಯುತ್ತಾರೆ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡಿಕೊಂಡು ಬರುತ್ತಾರೆ. ಭೂಮಿ ಹುಣ್ಣಿಮೆಯ ದಿನ ಚಿತ್ತಾರದ ಬುಟ್ಟಿ ಗದ್ದೆಗೆ ಹೋಗುತ್ತದೆ. ಇನ್ನು ಶಿರಾಳಕೊಪ್ಪದಂಥ ಊರುಗಳಲ್ಲಿ ಉರ್ದು, ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಬಹುಕಾಲ ಶಾಲೆ ಇದನ್ನೆಲ್ಲ ಹೊಸಿಲಾಚೆಗೇ ಬಿಟ್ಟಿತು. ಮಗು ಮನೆಯ ಮಾತನ್ನು ಬರೆದರೆ ಕೆಂಪು ಶಾಯಿಯ ಗೀಟು ಬೀಳುತ್ತಿತ್ತು.

ಈ ಸ್ಥಿತಿ ಅಲುಗಾಡಿದ್ದು 'ನಲಿಕಲಿ'ಯಿಂದ. 1995ರಲ್ಲಿ ಎಚ್. ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಇಲ್ಲಿ ಅಕ್ಷರಮಾಲೆಯ ಕ್ರಮವಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಪ್ರಾರಂಭ. ಐದೇ ಅಕ್ಷರ ಗೊತ್ತಾದ ಕೂಡಲೆ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಓದತೊಡಗುತ್ತದೆ. ಗೋಡೆಯ ಬುಡದಲ್ಲಿ ಪ್ರತಿ ಮಗುವಿಗೂ ಕೈಗೆಟಕುವ ಕಪ್ಪುಹಲಗೆಯ ತುಂಡು ಇರುತ್ತದೆ. ಮೇಷ್ಟ್ರ ಅಪ್ಪಣೆಗೆ ಕಾಯದೆ ಅಲ್ಲಿ ಗೀಚಬಹುದು. ಐದು ಅಕ್ಷರದಲ್ಲಿ ತಾನೇ ಒಂದು ಪದ ಕಟ್ಟಿದ ಮಗುವಿಗೆ ಬರೆಯುವುದು ತನ್ನ ಕೈಯಲ್ಲಿದೆ ಎಂಬುದು ಗೊತ್ತಾಗಿಬಿಡುತ್ತದೆ.

2002ರ ಸುಮಾರಿಗೆ ಬಂದ ಪ್ರತಿಭಾ ಕಾರಂಜಿ ಕಥೆ ಹೇಳುವುದು, ಪ್ರಬಂಧ, ಆಶುಭಾಷಣಗಳಿಗೆ ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ವೇದಿಕೆ ಒದಗಿಸಿತು. ಹಳ್ಳಿಯ ಸಂಕೋಚದ ಹುಡುಗಿ ಮೈಕಿನ ಮುಂದೆ ನಿಂತದ್ದು ಇದರಿಂದಲೇ. ಆದರೆ ಸ್ಪರ್ಧೆಗೆ ಮೇಷ್ಟ್ರು ಬರೆದುಕೊಟ್ಟದ್ದನ್ನು ಮಗು ಒಪ್ಪಿಸುವ ರೂಢಿಯೂ ಬೆಳೆಯಿತು. ಪ್ರೌಢಶಾಲೆಗೆ ಬಂದರೆ ಗಾದೆ ವಿಸ್ತರಣೆ, ಪತ್ರಲೇಖನ, ಪೀಠಿಕೆಯಿಂದ ಉಪಸಂಹಾರದವರೆಗೆ ಗೈಡಿನಲ್ಲಿ ಅಚ್ಚಾದ ಪ್ರಬಂಧ. ಅಂಕ ಬರುತ್ತದೆ, ಮಗುವಿನ ಒಂದು ವಾಕ್ಯವೂ ಬರುವುದಿಲ್ಲ. ಕೂಲಿಮಠದ ನಕಲು ಹೀಗೆ ಹೊಸ ಬಟ್ಟೆ ತೊಟ್ಟು ಉಳಿದುಕೊಂಡಿದೆ.

ಇದಕ್ಕೆ ಎದುರಾಗಿ ನಿಂತಿರುವುದು ಗೋಡೆಪತ್ರಿಕೆ ಮತ್ತು ಕೈಬರಹದ ಪತ್ರಿಕೆ. ಖರ್ಚು ಒಂದು ಡ್ರಾಯಿಂಗ್ ಹಾಳೆ, ಅಂಟು, ಸ್ಕೆಚ್ ಪೆನ್ನು. ಸಂಪಾದಕರೂ ಚಿತ್ರಕಾರರೂ ಮಕ್ಕಳೇ. ಒಳ್ಳೆಯ ಮೇಷ್ಟ್ರು ಅಥವಾ ಟೀಚರು 'ಮಳೆಗಾಲ' ಎಂದು ವಿಷಯ ಕೊಡುವುದಿಲ್ಲ. ನಿಮ್ಮ ಮನೆಯ ಸೋಗೆ ಎಲ್ಲಿ ಸೋರಿತು, ಪಾತ್ರೆ ಯಾರು ಇಟ್ಟರು ಎಂದು ಕೇಳುತ್ತಾರೆ. ಉತ್ತರ ಬರಹವಾಗಿ ಬರುತ್ತದೆ. ಕಾಗುಣಿತದ ತಪ್ಪನ್ನು ಆಮೇಲೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುತ್ತಾರೆ.

ಈ ನಡುವೆ ಶಾಲೆಗೂ ಪುಸ್ತಕಕ್ಕೂ ಹೋಗುವ ದಾರಿ ಸುಗಮವಾಗುತ್ತ ಬಂತು. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲು ದೂರದ ಪ್ರೌಢಶಾಲೆಯ ದಾರಿಯನ್ನು, ಮುಖ್ಯವಾಗಿ ಹುಡುಗಿಯರಿಗೆ, ಹತ್ತಿರ ಮಾಡಿತು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಕ್ಷರತೆ ಶೇ. 80ನ್ನು ದಾಟಿತ್ತು, ರಾಜ್ಯದ್ದು ಆಗ ಶೇ. 75ರ ಆಸುಪಾಸು. ಕೊರೊನಾ ಬಂದು 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಯೋಜನೆಯ ಹೆಸರಿನಲ್ಲಿ ಶಿಕ್ಷಕರು ಅರಳಿಕಟ್ಟೆ, ದೇವಸ್ಥಾನದ ಜಗಲಿಗಳಲ್ಲಿ ಪಾಠ ಮಾಡಿದರು. ಅದೇ ವರ್ಷ ಬಂದ 'ಓದುವ ಬೆಳಕು' ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಉಚಿತ ಸದಸ್ಯರನ್ನಾಗಿಸಿತು. ಈ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರಿದೆ.

ಆದರೆ ಮಕ್ಕಳು ಬರೆದದ್ದು ಉಳಿಯುವುದೇ ಕಷ್ಟ: ಕೈಬರಹದ ಪತ್ರಿಕೆಗೆ ಇರುವುದು ಒಂದೇ ಪ್ರತಿ. ಶಿಕ್ಷಕರಿಗೆ ವರ್ಗವಾದರೆ, ಮಕ್ಕಳು ಏಳನೆಯ ತರಗತಿ ಮುಗಿಸಿ ಹೊರಟರೆ, ಅದು ಶಾಲೆಯ ಬೀರುವಿನಲ್ಲಿ ಗೆದ್ದಲಿನ ಪಾಲಾಗುತ್ತದೆ. ಪ್ರತಿ ಸಂಚಿಕೆಯ ಒಂದು ಜೆರಾಕ್ಸ್ ಪ್ರತಿಯನ್ನು ಊರಿನ ಅರಿವು ಕೇಂದ್ರದ ಕಪಾಟಿನಲ್ಲಿ ಇಡಬೇಕು. ಕಥೆ ಬರೆದವರ ಹೆಸರು, ತರಗತಿ, ವರ್ಷವನ್ನು ಅಲ್ಲಿನ ರಿಜಿಸ್ಟರಿನಲ್ಲಿ ನಮೂದಿಸಬೇಕು. ಉಳಿದ ಪುಸ್ತಕಗಳಂತೆ ಅದನ್ನೂ ಬೇರೆ ಮಕ್ಕಳು ಮನೆಗೆ ಒಯ್ದು ಓದುವಂತಾಗಬೇಕು.