ಪರವಾನಗಿಯ ನೆರಳು: ಮಲ್ಲೇಶ್ವರದ ಮನೆಗಳಲ್ಲಿ ನಿಸ್ತಂತು

ಮನೆಯಲ್ಲಿಯೇ ನಿಸ್ತಂತು ಕೇಂದ್ರ ಕಟ್ಟಿಕೊಳ್ಳುವ ಹವ್ಯಾಸಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ 1935ರಷ್ಟು ಹಿಂದಿನ ನಿದರ್ಶನವಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಆ ವರ್ಷ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆದರೆ 1933ರಲ್ಲಿ ಬ್ರಿಟಿಷ್ ಭಾರತಕ್ಕಾಗಿ ರೂಪುಗೊಂಡ ನಿಸ್ತಂತು ತಂತಿ ಕಾಯ್ದೆಯು ಸ್ವಾತಂತ್ರ್ಯಾನಂತರ ಈ ಸೀಮೆಗೂ ಅನ್ವಯವಾದಾಗ, ಪ್ರಸಾರವಿರಲಿ, ಕೇಳುವ ರೇಡಿಯೊ ಇಟ್ಟುಕೊಳ್ಳಲೂ ಪರವಾನಗಿ ಬೇಕಾಯಿತು. 1898ರ ಪ್ಲೇಗಿನ ಅನಂತರ ಬೆಳೆದ ಮಲ್ಲೇಶ್ವರದ ಮನೆಯವರೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ, ಪರವಾನಗಿ ಪುಸ್ತಕವನ್ನು ನವೀಕರಿಸಿಕೊಳ್ಳಬೇಕಾಗಿತ್ತು.

2005ರ ಜನವರಿಯಲ್ಲಿ ಕೇಂದ್ರ ಸರ್ಕಾರವು 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ವೈಫೈ ಮನೆಮಾತಾಯಿತು. ಹಳೆಯ ಕಂಪ್ಯೂಟರಿಗೋ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಕ್ಕೋ ಹೋಸ್ಟ್‌ಎಪಿಡಿ ಎಂಬ ತಂತ್ರಾಂಶ ಅಳವಡಿಸಿ, ಅದನ್ನು ಆಕ್ಸೆಸ್ ಪಾಯಿಂಟ್, ಅಂದರೆ ಇತರ ಸಾಧನಗಳು ಬಂದು ಸೇರುವ ಕೇಂದ್ರವನ್ನಾಗಿ ಮಾಡುವುದು ಹವ್ಯಾಸಿಗಳಿಗೆ ಸಾಧ್ಯವಾಯಿತು.

ಹೀಗೆ ಕಟ್ಟಿದ ಕೇಂದ್ರಕ್ಕೆ ಸಾಧನವೊಂದು ಸೇರದಿದ್ದರೆ, ಹಳೆಯ ಮನೆಗಳಲ್ಲಿ ಮೊದಲ ಅನುಮಾನ ದಪ್ಪ ಗೋಡೆಯ ಮೇಲೆ ಬೀಳುವುದು ಸಹಜ. ಆದರೆ ಲ್ಯಾಪ್‌ಟಾಪನ್ನು ಕೇಂದ್ರದ ಪಕ್ಕದಲ್ಲೇ ಇಟ್ಟರೂ ಜಾಲದ ಹೆಸರು ಕಾಣಿಸದಿದ್ದರೆ ಗೋಡೆ ನಿರ್ದೋಷಿಯಾಗುತ್ತದೆ. ತರಂಗಪಟ್ಟಿಯನ್ನು ಚಾನೆಲ್‌ಗಳೆಂಬ ಅಂಕಿತ ಭಾಗಗಳಾಗಿ ವಿಂಗಡಿಸಲಾಗಿದ್ದು, ಭಾರತದಲ್ಲಿ 1ರಿಂದ 13ರವರೆಗಿನವು ಬಳಕೆಗೆ ಸಿಗುತ್ತವೆ, ಅಮೆರಿಕದ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಆದ್ದರಿಂದ ಕೇಂದ್ರವು 13ನೆಯ ಚಾನೆಲ್‌ನಲ್ಲಿದ್ದರೆ, ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಲ್ಯಾಪ್‌ಟಾಪ್‌ಗೆ ಅದು ಇದ್ದೂ ಇಲ್ಲದಂತೆ, ಪಕ್ಕದ ಸ್ಥಳೀಯ ಫೋನಿಗೆ ಮಾತ್ರ ಸ್ಪಷ್ಟ. ಚಾನೆಲನ್ನು 1, 6 ಅಥವಾ 11ಕ್ಕೆ ಬದಲಿಸಿದರೆ ಈ ತೊಡಕು ನೀಗುತ್ತದೆ. ಹೆಸರು ಕಂಡೂ ಒಳಗೆ ಬಿಡದಿದ್ದರೆ ಗುಪ್ತಪದ ಅಥವಾ ಭದ್ರತಾ ವಿಧಾನದಲ್ಲಿ ಹೊಂದಾಣಿಕೆಯಿಲ್ಲವೆಂದೂ, ಸೇರಿದ ಮೇಲೂ ಅಂತರ್ಜಾಲ ಬಾರದಿದ್ದರೆ ಸಾಧನಕ್ಕೆ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯಲ್ಲೋ ದತ್ತಾಂಶವನ್ನು ಮುಂದಕ್ಕೆ ಸಾಗಿಸುವ ಏರ್ಪಾಟಿನಲ್ಲೋ ಲೋಪವಿದೆಯೆಂದೂ ತಿಳಿಯಬೇಕು.

ಹೋಸ್ಟ್‌ಎಪಿಡಿಯ ಸಂರಚನಾ ಕಡತದಲ್ಲಿ ದೇಶವನ್ನು ಸೂಚಿಸುವ ಎರಡಕ್ಷರದ ಸಾಲೊಂದಿದ್ದು, ಭಾರತಕ್ಕೆ ಅಲ್ಲಿ 'ಐಎನ್' ಎಂದು ಬರೆಯಬೇಕು. ಅದನ್ನು ಬಿಟ್ಟರೆ ಕೆಲವು ಚಾನೆಲ್‌ಗಳಲ್ಲಿ ಕೇಂದ್ರವೇ ಏಳುವುದಿಲ್ಲ. ಅಂಚೆ ಕಚೇರಿಯ ಪುಸ್ತಕ ಮರೆಯಾದರೂ, ಯಾವ ದೇಶದಲ್ಲಿ ಯಾವ ತರಂಗ ಎಂಬ ಅಪ್ಪಣೆ ಈ ಸಾಲಿನಲ್ಲಿ ಇನ್ನೂ ಉಳಿದಿದೆ.